ಎಎಫ್‌ಎಸ್‌ಬಿ ಮೈಸೂರು ಕಾಲ್ ಲೆಟರ್ ಬಂದೈತಿ, ಫ್ಲೈಯಿಂಗ್ ಒಂದ ಹಾಕ್ಲೋ, ಗ್ರೌಂಡ್ ಡ್ಯೂಟಿನೂ ಹಾಕ್ಲೋ?

ಏಲಕ್ಕಿ_ಮಾಲಿ
ನಮಸ್ಕಾರ್ರೀ ಎಲ್ಲಾರಿಗೂ. ನಾ ಹಾವೇರಿ ಕಡೆಯಾಂವ, ಮೆಕ್ಯಾನಿಕಲ್ ಏಳನೇ ಸೆಮ್, ಬ್ಯಾಕ್‌ಲಾಗ್ ಇಲ್ಲ, ವಯಸ್ಸು 21. ಎಎಫ್‌ಕ್ಯಾಟ್, ಅಂದ್ರ ಏರ್ ಫೋರ್ಸ್ ಆಫೀಸರ್ ಆಗಾಕ ಬರಿಯೋ ಪರೀಕ್ಷೆ, ಮೊದಲನೇ ಸಲಕ್ಕ ಕ್ಲಿಯರ್ ಆತು, ರಿಸಲ್ಟ್ ನೋಡಿ ಎರಡು ದಿನ ನನಗ ನಂಬಿಕಿ ಬರಲಿಲ್ಲ. ಈಗ ಮೈಸೂರಿನ ಎಎಫ್‌ಎಸ್‌ಬಿ, ಅಂದ್ರ ಏರ್ ಫೋರ್ಸ್ ಆಫೀಸರ್ ಆಯ್ಕೆ ಮಾಡೋ ಬೋರ್ಡಿಂದ ಕಾಲ್ ಲೆಟರ್ ಬಂದೈತಿ, ಇನ್ನ 26 ದಿನ ಅದಾವು.

ನನ್ನ ತಲಿಬ್ಯಾನಿ ಏನಂದ್ರ ಪ್ರಿಫರೆನ್ಸ್, ಯಾವ ಬ್ರಾಂಚ್ ಬೇಕಂತ ಬರೆಯೋದು. ಒಬ್ಬ ಸೀನಿಯರ್ ಹೇಳ್ತಾನ, ಫ್ಲೈಯಿಂಗ್ ಒಂದ ಹಾಕು, ಅಂದ್ರ ಇವನಿಗೆ ಖರೇನ ಹಂಬಲ ಐತಿ ಅಂತ ಬೋರ್ಡಿನವ್ರಿಗೆ ಅನ್ನಸ್ತೈತಿ ಅಂತ. ಇನ್ನೊಬ್ಬ ಹೇಳ್ತಾನ, ಹುಚ್ಚ ಅದೀಯೇನು, ಪೈಲಟ್ ಆಗಾಕ ಸಿಪಿಎಸ್‌ಎಸ್ ಅಂತ ಒಂದ ಮಷೀನ್ ಟೆಸ್ಟ್ ಐತಿ, ಜೀವನದಾಗ ಒಂದ ಸಲ, ಅದರಾಗ ಫೇಲ್ ಆದ್ರ ಆತು, ಫ್ಲೈಯಿಂಗ್ ಬಾಗಿಲ ಕಾಯಂ ಬಂದ್, ಅದಕ್ಕ ಕೆಳಗ ಗ್ರೌಂಡ್ ಡ್ಯೂಟಿಯ ಟೆಕ್ನಿಕಲ್ಲೂ ಬರದ ಇಡು ಅಂತ. ಈ ಸಿಪಿಎಸ್‌ಎಸ್ ನೆನಸಿದ್ರ ರಾತ್ರಿ ನಿದ್ದಿ ಬರವಲ್ದು. ಯೂಟ್ಯೂಬಿನ್ಯಾಗ ನೋಡಿ ನೋಡಿ ಜೊಯ್‌ಸ್ಟಿಕ್ ಒಂದ ತರಸೀನಿ 1,900 ಕೊಟ್ಟು, ಮನ್ಯಾಗ ಹೇಳಿಲ್ಲ.

ಅಪ್ಪಗ ಕೇಳಿದ್ರ "ಗ್ವಾಂಜೋಳ ಒಣಗಾಕ ಹಾಕೀನಿ, ಮ್ಯಾಲೆ ಮಾಡ ಆಗೈತಿ, ಮೊದ್ಲ ತಾಡಪಲ್ ಹಾಸು, ನಿನ್ನ ಇಮಾನ ಆಮ್ಯಾಲೆ" ಅಂದ. ಹೋಗಿ ಬಂದವ್ರು ಯಾರರ ಇದ್ರ ಸ್ವಲ್ಪ ಹೇಳ್ರಿ.

ಕರಿಮೋಡ
ಬ್ರೋ ನಾನು ಆ ಟೆಸ್ಟಲ್ಲಿ ಫೇಲ್ ಆದವನು, ಹಂಗಾಗಿ ನನಗಿಂತ ಚೆನ್ನಾಗಿ ಹೇಳೋರು ಸಿಗಲ್ಲ ನಿಂಗೆ.

ನಾನು ಎನ್‌ಡಿಎ ಮೂಲಕ, ಅಂದ್ರೆ ಪಿಯು ಆದ್ಮೇಲೆ ಸೇನೆಯ ಆಫೀಸರ್ ಆಗೋ ಅಕಾಡೆಮಿಯ ಪರೀಕ್ಷೆ ಬರೆದು, ಹೋಗಿದ್ದು, ಸೆಕೆಂಡ್ ಪಿಯು ಮುಗಿಸಿ, 17 ವರ್ಷ. ಏರ್ ಫೋರ್ಸ್ ಫಸ್ಟ್ ಪ್ರಿಫರೆನ್ಸ್ ಹಾಕಿದ್ದೆ. ಐದು ದಿನದ ಆಯ್ಕೆ ಮುಗೀತು, ಕೊನೇ ದಿನದ ಬೋರ್ಡ್ ಕಾನ್ಫರೆನ್ಸಲ್ಲಿ ರೆಕಮೆಂಡ್, ಅಂದ್ರೆ ಸೆಲೆಕ್ಟ್ ಆದೆ, ನಾಲ್ಕು ಜನ ಉಳ್ಕೊಂಡಿದ್ವಿ, ಆ ರಾತ್ರಿ ಖುಷಿಗೆ ಯಾರೂ ಮಲಗ್ಲೇ ಇಲ್ಲ, ಎರಡು ಗಂಟೆ ತನಕ ಹರಟೆ. ಬೆಳಿಗ್ಗೆ ಸಿಪಿಎಸ್‌ಎಸ್. ಮೊದಲು ಕೂರಿಸಿ ಡಯಲ್‌ಗಳ ಬಗ್ಗೆ ಹೇಳ್ಕೊಡ್ತಾರೆ, ಆಲ್ಟಿಮೀಟರ್ ಹೇಗೆ ಓದೋದು, ಏರ್‌ಸ್ಪೀಡ್ ಯಾವುದು, ಕಂಪಾಸ್ ಯಾವುದು, ಆರ್ಟಿಫಿಶಿಯಲ್ ಹೊರೈಝನ್ ಅಂದ್ರೆ ಪ್ಲೇನ್ ಎಡಕ್ಕೆ ವಾಲಿದ್ಯಾ ಬಲಕ್ಕಾ ಮೂಗು ಮೇಲಿದ್ಯಾ ಕೆಳಗಾ ಅಂತ ತೋರ್ಸೋದು. ಆಮೇಲೆ ಅದರ ಮೇಲೇ ಪ್ರಶ್ನೆ. ಅದು ಓಕೆ, ಗಮನ ಇಟ್ಟು ಕೇಳಿದ್ರೆ ಆಗುತ್ತೆ.

ಮಷೀನ್ ಭಾಗ ಇದ್ಯಲ್ಲ ಅಲ್ಲಿ ಸತ್ತೆ. ಕೈಲಿ ಸ್ಟಿಕ್, ಕಾಲ್ಕೆಳಗೆ ಪೆಡಲ್, ಸ್ಕ್ರೀನ್ ಮೇಲಿರೋ ಚುಕ್ಕೀನ ಅದರ ಜಾಗದಲ್ಲಿ ನಿಲ್ಲಿಸ್ಬೇಕು, ಅದು ಜಾರ್ತಾನೇ ಇರುತ್ತೆ, ಮಧ್ಯೆ ಲೈಟ್ ಹತ್ತುತ್ತೆ ಸೌಂಡ್ ಬರುತ್ತೆ ಅದನ್ನ ಇನ್ನೊಂದು ಕೈಲಿ ಆಫ್ ಮಾಡ್ಬೇಕು. ಲೈಟ್ ನೋಡಿದ್ರೆ ಚುಕ್ಕಿ ಓಡೋಯ್ತು, ಚುಕ್ಕಿ ಹಿಡಿದ್ರೆ ಲೈಟ್ ಹಂಗೇ ಉರೀತಿದೆ. ಗಾಬರಿಗೆ ಸ್ಟಿಕ್ಕನ್ನ ಬೋರ್‌ವೆಲ್ ಹ್ಯಾಂಡಲ್ ಥರ ಜಗ್ಗಾಡ್ಬಿಟ್ಟೆ. ಮೆಲ್ಲಗೆ, ಬೆರಳ ತುದೀಲಿ ಹಿಡೀಬೇಕಾಗಿತ್ತು ಅಂತ ಮುಗಿದ ಮೇಲೆ ಹೊಳೀತು. ಮಧ್ಯಾಹ್ನ ನನ್ನ ಚೆಸ್ಟ್ ನಂಬರ್ ಕರೀಲಿಲ್ಲ.

ಡಿಗ್ರಿ ಆದ್ಮೇಲೆ ಎಎಫ್‌ಕ್ಯಾಟ್ ಬರೆಯೋಣ ಅಂತ ನೋಟಿಫಿಕೇಶನ್ ತೆಗೆದ್ರೆ ಅಲ್ಲೇ ಇದೆ ಸಾಲು, ಹಿಂದೆ ಸಿಪಿಎಸ್‌ಎಸ್ ಅಥವಾ ಅದರ ಹಳೇ ರೂಪ ಪಿಎಬಿಟಿ ಫೇಲ್ ಆದವ್ರು ಫ್ಲೈಯಿಂಗ್‌ಗೆ ಅರ್ಹರಲ್ಲ. 17 ವರ್ಷದಲ್ಲಿ ಒಂದು ರಾತ್ರಿ ನಿದ್ದೆಗೆಟ್ಟಿದ್ದಕ್ಕೆ 22ರಲ್ಲೂ ಬಾಗ್ಲು ಮುಚ್ಚಿತ್ತು. ಈಗ ಮಾನ್ಯತಾ ಟೆಕ್‌ಪಾರ್ಕಲ್ಲಿ ಕೂತು ಇದನ್ನ ಟೈಪ್ ಮಾಡ್ತಿದೀನಿ, ಯಲಹಂಕ ಕಡೆಯಿಂದ ಏನಾದ್ರೂ ಹಾರಿದ್ರೆ ಇವತ್ತಿಗೂ ತಲೆ ಎತ್ತಿ ನೋಡ್ತೀನಿ. ಸೋ ಜೊಯ್‌ಸ್ಟಿಕ್ ಇರ್ಲಿ, ಆದ್ರೆ ಹಿಂದಿನ ರಾತ್ರಿ ಮಲ್ಕೋ.

ಸಾಫ್ಟ್‌ವೇರ್_ಸುಬ್ಬ
ಒಂದೇ ಚಾನ್ಸ್ ಅನ್ನೋದೇ ಅನ್ಯಾಯ ಗುರು. ಡ್ರೈವಿಂಗ್ ಲೈಸೆನ್ಸ್ ಟೆಸ್ಟೇ ಎಷ್ಟು ಸಲ ಬೇಕಾದ್ರೂ ಕೊಡಬಹುದು.

ಕಡಲ_ತಡಿ
ನಾನು ಮಂಗಳೂರಿನವಳು. ನೀವೆಲ್ಲ ಸಿಪಿಎಸ್‌ಎಸ್ ಸಿಪಿಎಸ್‌ಎಸ್ ಅಂತ ಹೆದರುವುದು ನೋಡಿ ನನಗೆ ನಗು ಬರ್ತದೆ, ನನ್ನನ್ನು ಮನೆಗೆ ಕಳಿಸಿದ್ದು ಟೆಸ್ಟ್ ಅಲ್ಲ ಮಾರಾಯ್ರೆ, ಅಳತೆ ಟೇಪು.

ರೆಕಮೆಂಡ್ ಆದೆ, ಸಿಪಿಎಸ್‌ಎಸ್ ಕೂಡ ಪಾಸ್. ಮನೆಯಲ್ಲಿ ಅಮ್ಮ ಕದ್ರಿ ದೇವಸ್ಥಾನಕ್ಕೆ ಹೋಗಿ ಬಂದದ್ದೂ ಆಯ್ತು. ಮೆಡಿಕಲ್‌ಗೆ ಬೆಂಗಳೂರಿನ ಐಎಎಂ, ಅದೇ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ, ಅಲ್ಲಿಗೆ. ನನ್ನ ಎತ್ತರ 163, ಫ್ಲೈಯಿಂಗ್‌ಗೆ 162.5 ಬೇಕು, ನಾನು ಅಷ್ಟು ನೋಡಿ ಸಮಾಧಾನದಲ್ಲಿ ಇದ್ದೆ. ಅಲ್ಲಿ ನೆಲದಲ್ಲಿ ಕೂರಿಸಿ, ಸೊಂಟ ಬೆನ್ನು ಎರಡೂ ಗೋಡೆಗೆ ತಾಗಿಸಿ, ಕಾಲು ನೇರ ಚಾಚಿ ಹಿಮ್ಮಡಿವರೆಗೆ ಅಳೆದ್ರು. ಕನಿಷ್ಠ 99 ಸೆಂಟಿಮೀಟರ್ ಬೇಕಂತೆ. ನನ್ನದು 97.5. ಪುನಃ ಅಳೆದ್ರು, ಪುನಃ 97.5. ಕಾಲು ಎಳೆದ್ರೆ ಉದ್ದ ಆಗುವ ವಸ್ತು ಅಲ್ಲವಲ್ಲ. ಪೆಡಲಿಗೆ ಕಾಲು ಪೂರ್ತಿ ಮುಟ್ಟದಿದ್ರೆ ಎಂತ ಮಾಡುವುದು, ಕಾಕ್‌ಪಿಟ್ಟನ್ನು ನನ್ನ ಅಳತೆಗೆ ಹೊಲಿದುಕೊಡ್ಲಿಕ್ಕೆ ಆಗ್ತದಾ.

ಉದ್ದ ಜಾಸ್ತಿ ಆದ್ರೂ ಕಷ್ಟವೇ, ಕಾಲು 120ರ ಒಳಗೆ, ತೊಡೆ 64ರ ಒಳಗೆ, ಕೂತಾಗಿನ ಎತ್ತರ 81.5ರಿಂದ 96. ಎಲ್ಲ ನೋಟಿಫಿಕೇಶನ್ನಿನ ಕೊನೆಯ ಪುಟಗಳಲ್ಲಿ ಉಂಟು, ನಾವು ಓದುವುದು ಮೊದಲ ಎರಡು ಪುಟ ಮಾತ್ರ.

ಈಗ ನಿಮ್ಮ ಪ್ರಶ್ನೆಗೆ ಬರ್ತೇನೆ. ನಾನು ಫ್ಲೈಯಿಂಗ್ ಒಂದೇ ಹಾಕಿದ್ದು. ಗ್ರೌಂಡ್ ಡ್ಯೂಟಿ ಹಾಕಿದ್ದಿದ್ರೆ ಅದೇ ರೆಕಮೆಂಡೇಶನ್ನಿನಲ್ಲಿ ಮೆರಿಟ್‌ಗೆ ನಿಲ್ಲಬಹುದಿತ್ತು, ಎಟಿಸಿ, ಅಂದ್ರೆ ವಿಮಾನ ಸಂಚಾರ ನಿಯಂತ್ರಣ, ಆದ್ರೂ ಸಿಗ್ತಿತ್ತೋ ಏನೋ. ಹಾಕ್ಲಿಲ್ಲ, ಯಾಕೆಂದ್ರೆ ಯಾರೋ ಒಬ್ಬ ಸೀನಿಯರ್ "ಹಂಬಲ ಕಾಣ್ಬೇಕು" ಅಂದಿದ್ದ. ಎಲ್ಲ ಕಾಲೇಜಿನಲ್ಲೂ ಈ ಸೀನಿಯರ್ ಇರ್ತಾನೆ. ನೀವು ಇವತ್ತೇ ಗೋಡೆಗೆ ಒರಗಿ ಕೂತು ಕಾಲು ಅಳೆಯಿರಿ.

ಏಲಕ್ಕಿ_ಮಾಲಿ
ಅಕ್ಕಾರ ಈಗ ಅಳದ್ನಿ. ತಂಗಿ ಟೇಲರಿಂಗ್ ಕ್ಲಾಸಿನ ಟೇಪ್ ತಂದ್ಲು, ಪಡಸಾಲಿ ಗ್ವಾಡಿಗೆ ಕುಂಡ್ರಿಸಿ ಅಳದ್ಲು, 102 ಬಂತು. ತೊಡಿ 58. ಯಾಕ ಅಳ್ಯಾಕತ್ತಿ ಅಂತ ಅವ್ವ ಕೇಳಿದ್ಲು, ವಿಮಾನಕ್ಕ ಅಂದ್ನಿ, ಪ್ಯಾಂಟ್ ಹೊಲಸ್ತಾರೇನೋ ಅಂದ್ಲು. ನಿಮ್ಮ ವಿಷಯ ಓದಿ ಭಾಳ ಬ್ಯಾಸರಾತ್ರಿ.

ಬಿದ್ರಿ_ಹೂಜಿ
ನಮ್ ಬೀದರಾಗ ಬಂದ್ ನೋಡ್ರಿ, ಮುಂಜಾನಿಂದ ಹಾಕ್ ಅಂಬೋ ಟ್ರೇನಿಂಗ್ ಜೆಟ್ ಹಾರ್ತಾವ. 2008ರಾಗ ಬಂದಾವ ಅವು, ನಾ ಆಗ ಸಾಲ್ಯಾಗ ಇದ್ದೆ. ತಲಿ ಮ್ಯಾಲಿಂದ ಒಂದ್ ಹೋಯ್ತಂದ್ರ ಮಾಸ್ತರು ಪಾಠ ಅಲ್ಲೇ ನಿಂದ್ರಸ್ತಿದ್ರು, ಸೌಂಡ್ ಹೋಗೋ ತನಾ ಚಾಕ್ ಹಿಡ್ದು ಹಂಗೇ ನಿಂತಿರ್ತಿದ್ರು, ಆಮ್ಯಾಗ ಅದೇ ಶಬ್ದದಿಂದ ಮುಂದ ಶುರು. ಫೈಟರ್ ಸಿಕ್ಕವ್ರು ಎಲ್ಲಾರೂ ನಮ್ಮೂರ ನೀರ್ ಕುಡ್ದೇ ಹೋಗ್ಬೇಕು. 2016ರಾಗ ಕಮಿಷನ್ ಆದ ಮೊದಲ ಮೂರ್ ಮಂದಿ ಹೆಣ್ಮಕ್ಕಳು ಫೈಟರ್ ಪೈಲಟ್ ಅದಾರಲ್ಲ, ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್, ಅವ್ರೂ ಇಲ್ಲೇ ಹಾಕ್ ಮ್ಯಾಲೆ ಕಲ್ತವ್ರು. ಆಕಾಶದಾಗ ಕಸರತ್ತು ಮಾಡೋ ಸೂರ್ಯಕಿರಣ್ ಟೀಮೂ ಇಲ್ಲಿಂದೇ. ನಮಗ ಏರ್ ಶೋ ಅಂದ್ರ ಮನಿ ಮ್ಯಾಳಿಗಿ.

ಆದ್ರ ನಮ್ಮ ಕ್ಲಾಸಿಂದ ಒಬ್ನೂ ಹೋಗ್ಲಿಲ್ಲ ಅದು ಬ್ಯಾರೆ ಮಾತು. ದಿನಾ ನೋಡ್ತಿದ್ವಿ, ಹೆಂಗ್ ಹೋಗ್ಬೇಕಂತ ಯಾರೂ ಹೇಳ್ಲಿಲ್ಲ.

ನಿವೃತ್ತ_ಎಎನ್32
ಮೊನ್ನೆಯಿಂದ ಓದ್ತಾ ಇದೀನಿ, ಇವತ್ತು ಪುರುಸೊತ್ತಾಯ್ತು. ನಾನು ಟ್ರಾನ್ಸ್‌ಪೋರ್ಟ್ ಪೈಲಟ್ ಆಗಿದ್ದವನು, ಡಿಗ್ರಿ ಮೇಲೆ ಬರೆಯೋ ಸಿಡಿಎಸ್ ಪರೀಕ್ಷೆ ಬರೆದು ಹೋದವನು, ತೊಂಬತ್ತರ ದಶಕದ ಮಾತು. ಕೆಲವು ನಿಯಮ ಆಮೇಲೆ ಬದಲಾಗಿರಬಹುದು, ಹೊಸ ನೋಟಿಫಿಕೇಶನ್ ನೋಡ್ಕೊಳ್ಳಿ.

ಮೊದಲು ಸುಬ್ಬ ಅವರಿಗೆ. ಒಂದೇ ಚಾನ್ಸ್ ಯಾಕೆ ಅಂದ್ರೆ ಅಲ್ಲಿ ಅವರು ನೋಡೋದು ನೀವೆಷ್ಟು ಓದಿದೀರ ಅಂತಲ್ಲ, ಕಣ್ಣು ಕೈ ಕಾಲು ಒಟ್ಟಿಗೆ ಹೊಸ ಕೆಲಸ ಎಷ್ಟು ಬೇಗ ಹಿಡಿಯುತ್ತೆ ಅಂತ. ಎರಡನೇ ಸಲ ಕೂತ್ರೆ ಅದು ಹೊಸದೇ ಅಲ್ಲವಲ್ಲ. ನಮ್ಮ ಕಾಲದಲ್ಲಿ ಅದಕ್ಕೆ ಪಿಎಬಿಟಿ ಅಂತಿದ್ರು, ಹಳೇ ಮಷೀನು, ನಿಯಮ ಮಾತ್ರ ಇದೇ. ಆದ್ರೂ ಕರಿಮೋಡ ಹೇಳಿದ್ದು ನಂಗೆ ಚುರುಕ್ ಅಂತು, 17 ವರ್ಷದ ಹುಡುಗನಿಗೂ 23 ವರ್ಷದವನಿಗೂ ಒಂದೇ ತಕ್ಕಡಿ ಸರಿಯಾ ಅನ್ನೋದು ನ್ಯಾಯವಾದ ಪ್ರಶ್ನೆ, ನನ್ನ ಹತ್ರ ಉತ್ತರ ಇಲ್ಲ.

ಆದ್ರೆ ತಮ್ಮಾ ಏಲಕ್ಕಿ, ನೀನು ಸಿಪಿಎಸ್‌ಎಸ್ಸೇ ಬೆಟ್ಟದ ತುದಿ ಅಂದ್ಕೊಂಡಿದೀಯ. ಅದು ಬರೀ ಜರಡಿ. ನಿಜವಾದ ಆಟ ದುಂಡಿಗಲ್‌ನಲ್ಲಿ, ಹೈದರಾಬಾದ್ ಹೊರಗಡೆ ಇರೋ ಏರ್ ಫೋರ್ಸ್ ಅಕಾಡೆಮಿ. ಮೊದಲ ತಿಂಗಳುಗಳಲ್ಲಿ ಪ್ಲೇನ್ ಹತ್ರಕ್ಕೂ ಬಿಡಲ್ಲ. ಡ್ರಿಲ್ಲು, ಪಿಟಿ, ಈಜು, ಏರೋಡೈನಾಮಿಕ್ಸು, ಹವಾಮಾನ, ನ್ಯಾವಿಗೇಶನ್ನು, ಕ್ಲಾಸಲ್ಲಿ ನಿದ್ದೆ ತಡೆಯೋಕೆ ಎದ್ದು ಹಿಂದೆ ಹೋಗಿ ನಿಂತ್ಕೊಳ್ತಿದ್ವಿ. ಆಮೇಲೆ ಫ್ಲೈಯಿಂಗ್. ನಾವು ಕಲಿತಿದ್ದು ಎಚ್‌ಪಿಟಿ-32 ಅನ್ನೋ ಟ್ರೇನಿಂಗ್ ವಿಮಾನದಲ್ಲಿ, ಅದರಲ್ಲಿ ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಕೂರ್ತಿದ್ರು, ಅವರ ಮುಖ ನೋಡಿದ್ರೇ ಗೊತ್ತಾಗೋದು ಇವತ್ತು ನನ್ನ ಗತಿ ಏನು ಅಂತ. ಅದಕ್ಕೆ ಅಪಾಯ ಬಂದ್ರೆ ಪೈಲಟ್‌ನ ಹೊರಗೆ ಹಾರಿಸೋ ಇಜೆಕ್ಷನ್ ಸೀಟ್ ಇರಲಿಲ್ಲ, 2009ರಲ್ಲಿ ಒಂದು ಅಪಘಾತದಲ್ಲಿ ಇಬ್ಬರು ಇನ್‌ಸ್ಟ್ರಕ್ಟರ್‌ಗಳು ತೀರಿಹೋದ ಮೇಲೆ ನಿಲ್ಲಿಸಿಬಿಟ್ರು. 2013ರಿಂದ ಪಿಲಾಟಸ್ ಪಿಸಿ-7, ಅದರಲ್ಲಿ ಇನ್‌ಸ್ಟ್ರಕ್ಟರ್ ಹಿಂದೆ, ಇಜೆಕ್ಷನ್ ಸೀಟೂ ಉಂಟು. ಮುಂದಕ್ಕೆ ನಮ್ಮ ಎಚ್‌ಎಎಲ್‌ನ ಎಚ್‌ಟಿಟಿ-40, 70 ವಿಮಾನಕ್ಕೆ 2023ರಲ್ಲಿ ಒಪ್ಪಂದ ಆಗಿದೆ.

ಕಲಿಯೋದು ಹೇಗೆ ಅಂತೀಯ? ರಾತ್ರಿ ರೂಮಲ್ಲಿ ಕುರ್ಚಿ ಮೇಲೆ ಕೂತು, ಬಾತ್‌ರೂಮ್ ತೊಳೆಯೋ ಬ್ರಶ್ಶಿನ ಹಿಡೀನ ಎರಡು ಮಂಡಿ ಮಧ್ಯೆ ನಿಲ್ಲಿಸ್ಕೊಂಡು, ಕಣ್ಣು ಮುಚ್ಚಿ, ಬಾಯಲ್ಲಿ ಚೆಕ್ಸ್ ಹೇಳ್ಕೊಂಡು ಇಡೀ ಸರ್ಕಿಟ್, ಅಂದ್ರೆ ರನ್‌ವೇ ಸುತ್ತ ಒಂದು ಸುತ್ತು, ಹಾರೋದು. ಟೇಕಾಫು, ಎಡಕ್ಕೆ ತಿರುವು, ಡೌನ್‌ವಿಂಡ್, ರೇಡಿಯೋ ಕಾಲ್, ಮತ್ತೆ ಎಡಕ್ಕೆ, ಫೈನಲ್ಸ್, ಲ್ಯಾಂಡಿಂಗು. ಹೊರಗಿಂದ ಯಾರಾದ್ರೂ ನೋಡಿದ್ರೆ ನಿಮ್ಹಾನ್ಸ್‌ಗೆ ಫೋನ್ ಮಾಡ್ತಿದ್ರು. ನನ್ನ ಕೋರ್ಸ್‌ಮೇಟ್ ಒಬ್ಬ, ಪಿಎಬಿಟಿಯನ್ನ ನೀರು ಕುಡಿದಂಗೆ ಪಾಸ್ ಮಾಡಿದ್ದವನು, ಗಾಳೀಲಿ ಚೆನ್ನಾಗೇ ಹಾರಿಸ್ತಿದ್ದ, ನೆಲ ಹತ್ರ ಬಂದಾಗ ಮಾತ್ರ ಎಷ್ಟು ಎತ್ತರದಲ್ಲಿದೀನಿ ಅನ್ನೋ ಅಂದಾಜೇ ಸಿಗ್ತಿರಲಿಲ್ಲ, ಒಂದೋ ಮೇಲೇ ಎಳೆದುಬಿಡೋನು ಇಲ್ಲಾ ಧಡ್ ಅಂತ ಇಳಿಸೋನು. ಹೆಚ್ಚಿಗೆ ಸಾರ್ಟಿ, ಅಂದ್ರೆ ಹಾರಾಟದ ಸರದಿ, ಕೊಟ್ರು, ಇನ್‌ಸ್ಟ್ರಕ್ಟರ್ ಬದಲಾಯಿಸಿದ್ರು, ಕೊನೆಗೆ ಸಸ್ಪೆಂಡ್. ಆ ಪದಕ್ಕೆ ಹೆದರಬೇಡ, ಫ್ಲೈಯಿಂಗ್ ಟ್ರೇನಿಂಗ್ ನಿಲ್ಲಿಸಿದ್ರು ಅಂತ ಅಷ್ಟೇ. ಅವನು ಗ್ರೌಂಡ್ ಬ್ರಾಂಚಿಗೆ ಹೋಗಿ ನನಗಿಂತ ಮುಂಚೆ ಪ್ರಮೋಶನ್ ತಗೊಂಡ. ಸಸ್ಪೆಂಡ್ ಆದ ದಿನ ಅವನು ಬ್ರಶ್ಶನ್ನ ವಾಪಸ್ ಬಾತ್‌ರೂಮಲ್ಲಿಟ್ಟು ಬಂದಿದ್ದು ನನಗೆ ಇನ್ನೂ ನೆನಪಿದೆ.

ಮೊದಲ ಹಂತ ಮುಗಿದ ಮೇಲೆ ಫೈಟರ್, ಟ್ರಾನ್ಸ್‌ಪೋರ್ಟ್, ಹೆಲಿಕಾಪ್ಟರ್ ಅಂತ ಮೂರು ಕವಲು. ನಿನ್ನ ಮೆರಿಟ್ಟು, ನಿನ್ನ ಆಸೆ, ಸರ್ವಿಸ್‌ಗೆ ಎಷ್ಟು ಜನ ಬೇಕು ಮೂರೂ ಸೇರಿ ತೀರ್ಮಾನ. ನನಗೆ ಫೈಟರ್ ಸಿಗಲಿಲ್ಲ ಅಂತ ಎರಡು ವಾರ ಮುಖ ಊದಿಸ್ಕೊಂಡಿದ್ದೆ, ಯಲಹಂಕಕ್ಕೆ ಹಾಕಿದ್ರು, ಊರ ಹತ್ರ ಅಂತ ಅಮ್ಮನಿಗೆ ಖುಷಿ. ಆಮೇಲೆ ಲೇಹ್‌ನಲ್ಲಿ ಬೆಳಗಿನ ಜಾವ ಎಎನ್-32 ಸಾಗಣೆ ವಿಮಾನ ಇಳಿಸಿದ ಮೇಲೆ ಮುಖ ಸರಿಯಾಯ್ತು.

ಪ್ರಿಫರೆನ್ಸ್ ಬಗ್ಗೆ ನನ್ನ ಮಾತು ಇಷ್ಟೇ. ಫ್ಲೈಯಿಂಗ್ ಮೊದಲು. ಟೆಕ್ನಿಕಲ್ ಕೊಟ್ರೆ ನಿಜವಾಗ್ಲೂ ಹೋಗ್ತೀಯ ಅಂದ್ರೆ ಅದನ್ನೂ ಬರಿ, ಹೋಗಲ್ಲ ಅಂದ್ರೆ ಬರೀಬೇಡ. ಒಂದೇ ಹಾಕಿದ್ರೆ ಹಂಬಲ ಕಾಣುತ್ತೆ ಅನ್ನೋದು ಹಾಸ್ಟೆಲ್ ಪುರಾಣ.

ಸಾಫ್ಟ್‌ವೇರ್_ಸುಬ್ಬ
ಸರ್ ನಿಮ್ಮದು ಸಿಡಿಎಸ್, ಪರ್ಮನೆಂಟ್ ಕಮಿಷನ್, ಪೆನ್ಶನ್ ಬರುತ್ತೆ. ಎಎಫ್‌ಕ್ಯಾಟ್ ಹುಡುಗರಿಗೆ ಶಾರ್ಟ್ ಸರ್ವಿಸ್, 14 ವರ್ಷ ಆದ್ಮೇಲೆ ಟಾಟಾ, ಪೆನ್ಶನ್ ಇಲ್ಲ. 37 ವಯಸ್ಸಲ್ಲಿ ಮಕ್ಕಳು ಸ್ಕೂಲಲ್ಲಿರ್ತಾರೆ. ಅದನ್ನೂ ಹೇಳಿ, ಬರೀ ಲೇಹ್ ಸೂರ್ಯೋದಯ ಹೇಳ್ಬೇಡಿ.

ನಿವೃತ್ತ_ಎಎನ್32
ಸುಬ್ಬ ಅವರೇ ನಿಜ, ಒಪ್ಪಿದೆ. ಫ್ಲೈಯಿಂಗ್ ಶಾರ್ಟ್ ಸರ್ವಿಸ್ 14 ವರ್ಷ, ಮುಂದುವರಿಸಲ್ಲ. ಗ್ರಾಚ್ಯುಟಿ ಬರುತ್ತೆ, ಪೆನ್ಶನ್ ಬರಲ್ಲ. ಸಂಬಳದ ಲೆಕ್ಕ ಹೇಳ್ಬೇಕಂದ್ರೆ ಏಳನೇ ವೇತನ ಆಯೋಗದ ಪ್ರಕಾರ ಅಕಾಡೆಮಿಯಲ್ಲಿ ತಿಂಗಳಿಗೆ 56,100 ಸ್ಟೈಪೆಂಡ್, ಫ್ಲೈಯಿಂಗ್ ಆಫೀಸರ್ ಆದ ಮೇಲೆ ಬೇಸಿಕ್ ಅದೇ 56,100ರಿಂದ ಶುರು, ಅದರ ಮೇಲೆ ಮಿಲಿಟರಿ ಸರ್ವಿಸ್ ಪೇ 15,500, ಫ್ಲೈಯಿಂಗ್ ಅಲೋವೆನ್ಸ್ 25,000, ಡಿಎ ಬೇರೆ. ಹೊರಗೆ ಕಮರ್ಷಿಯಲ್ ಲೈಸೆನ್ಸ್ ತಗೊಳ್ಳೋಕೆ ಮನೆ ಜಮೀನು ಅಡ ಇಡೋರನ್ನ ನೋಡಿದೀನಿ, ಇಲ್ಲಿ ಹಾರೋಕೆ ಅವರೇ ಸಂಬಳ ಕೊಡ್ತಾರೆ. ಹೊರಗೆ ಬಂದ ಮೇಲೆ ಡಿಜಿಸಿಎ, ಅಂದ್ರೆ ನಾಗರಿಕ ವಿಮಾನಯಾನ ಇಲಾಖೆಯ ಪರೀಕ್ಷೆ ಬರೆದು ಲೈಸೆನ್ಸ್ ಮಾಡಿಸ್ಕೊಂಡು ಏರ್‌ಲೈನ್ಸ್‌ಗೆ ಹೋಗ್ತಾರೆ. ಟ್ರಾನ್ಸ್‌ಪೋರ್ಟ್‌ನವರಿಗೆ ಗಂಟೆಗಳೂ ಜಾಸ್ತಿ, ಮಲ್ಟಿ ಎಂಜಿನ್ ಅನುಭವ ಬೇರೆ, ಸಲೀಸು. ಫೈಟರ್‌ನವರಿಗೆ ಗಂಟೆ ಕಮ್ಮಿ, ಸ್ವಲ್ಪ ಒದ್ದಾಟ. ಡಿಗ್ರಿ ಜೊತೆ ಸಿಡಿಎಸ್ಸೂ ಬರಿ ಅಂತ ಹುಡುಗರಿಗೆ ನಾನು ಹೇಳೋದು ಇದಕ್ಕೇ, ಸಿಡಿಎಸ್ ಮೂಲಕ ಹೋದ್ರೆ ಪರ್ಮನೆಂಟು. ಎನ್‌ಸಿಸಿ ಏರ್ ವಿಂಗ್ ಸಿ ಸರ್ಟಿಫಿಕೇಟ್ ಇದ್ರೆ ಎಎಫ್‌ಕ್ಯಾಟ್ ಬರೆಯದೇನೇ ನೇರ ಎಎಫ್‌ಎಸ್‌ಬಿಗೆ ಹೋಗಬಹುದು, ಬೆಂಗಳೂರಲ್ಲಿ ಜಕ್ಕೂರಿನಲ್ಲಿ ಏರ್ ವಿಂಗ್ ಮಕ್ಕಳು ಮೈಕ್ರೋಲೈಟ್ ಹತ್ತೋದನ್ನ ನೋಡಿರಬಹುದು.

ಹಾಸನದ_ಅಮ್ಮ
ನಮಸ್ತೆ ಸರ್. ನನ್ ಮಗ ಫಸ್ಟ್ ಪಿಯುಸಿ, ಪಿಸಿಎಂಸಿ ತಗೊಂಡವ್ನೆ. ಚಿಕ್ಕೋನಿದ್ದಾಗಿಂದ ಪೈಲಟ್ ಆಗ್ತೀನಿ ಅಂತಾನೆ. ಎನ್‌ಡಿಎ ಕೋಚಿಂಗ್ ಅಂತ ಒಂದ್ ಕಡೆ 85 ಸಾವ್ರ ಕಟ್ಟಿದೀವಿ, ಅವ್ರು ಎಲ್ಲಾ ನಾವ್ ನೋಡ್ಕೊಳ್ತೀವಿ ಅಂದ್ರು. ಅವನಿಗೆ ಕನ್ನಡಕ ಇದೆ, ಮೈನಸ್ 1.25. ಕಣ್ಣಿನ ಎಕ್ಸರ್‌ಸೈಜ್ ಮಾಡಿಸಿದ್ರೆ ಸರಿಹೋಗುತ್ತೆ ಅಂತ ಅವ್ರೇ ಹೇಳಿ ಅದಕ್ಕೂ ದುಡ್ ತಗೊಂಡ್ರು. ಆಗುತ್ತಾ?

ಕಡಲ_ತಡಿ
ಅಮ್ಮಾ, ದುಡ್ಡು ತಗೊಂಡ್ರು ಅಂತ ಓದಿ ಸಿಟ್ಟು ಬಂತು. ಎಕ್ಸರ್‌ಸೈಜಿನಲ್ಲಿ ಮೈನಸ್ ಪವರ್ ಹೋಗುದಿಲ್ಲ. ಐಎಎಂನಲ್ಲಿ ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ನೋಡ್ತಾರೆ, ಅಲ್ಲಿ ಚಾರ್ಟ್ ಬಾಯಿಪಾಠ ಮಾಡಿದ್ದೆಲ್ಲ ನಡೆಯುದಿಲ್ಲ.

ನಿವೃತ್ತ_ಎಎನ್32
ತಾಯಿ, ನೇರವಾಗಿ ಹೇಳ್ತೀನಿ ಬೇಜಾರು ಮಾಡ್ಕೋಬೇಡಿ. ಎನ್‌ಡಿಎಯಿಂದ ಫ್ಲೈಯಿಂಗ್‌ಗೆ ಮೈನಸ್ ಪವರ್ ನಡೆಯಲ್ಲ. ಲೇಸಿಕ್, ಅಂದ್ರೆ ಕಣ್ಣಿನ ಲೇಸರ್ ಆಪರೇಶನ್, ಮಾಡಿಸೋಣ ಅಂದ್ರೆ 20 ವರ್ಷಕ್ಕೆ ಮುಂಚೆ ಮಾಡಿಸಿದ್ದನ್ನ ಒಪ್ಪಲ್ಲ, ಎನ್‌ಡಿಎಗೆ ಹತ್ತೊಂಬತ್ತೂವರೆ ಒಳಗೇ ಹೋಗ್ಬೇಕು, ಎರಡೂ ಕೂಡಿಬರಲ್ಲ. ಯಾರೋ ಹೇಳಿದ್ರು ಅಂತ ಈಗ್ಲೇ ಆಪರೇಶನ್ ಮಾಡಿಸಿಬಿಟ್ರೆ ಮುಂದಿನ ದಾರೀನೂ ಹೋಗುತ್ತೆ, ಅದನ್ನ ಮಾತ್ರ ಮಾಡ್ಬೇಡಿ. ಡಿಗ್ರಿ ಮಾಡ್ಲಿ, 20 ತುಂಬಿದ ಮೇಲೆ ಪವರ್ ನಿಂತಿದ್ರೆ ಒಳ್ಳೆ ಕಣ್ಣಿನ ಡಾಕ್ಟರ್ ಕೇಳಿ ಮಾಡಿಸಿ, ಆಮೇಲೆ ವರ್ಷ ಕಾದು ಎಎಫ್‌ಕ್ಯಾಟ್, ಸಿಡಿಎಸ್. ಅದಕ್ಕೂ ಕಣ್ಣುಗುಡ್ಡೆ ಉದ್ದ, ಕಾರ್ನಿಯಾ ದಪ್ಪ ಅಂತ ಷರತ್ತಿದೆ, ಹಂಗಾಗಿ ಆಪರೇಶನ್‌ಗೆ ಮುಂಚೆ ಎಲ್ಲಾ ಅಳತೆ ರಿಪೋರ್ಟ್ ಇಟ್ಕೊಳ್ಳಿ. ಬಣ್ಣ ಗುರುತಿಸೋದೂ ಒಂದು ಸಲ ಚೆಕ್ ಮಾಡಿಸಿ, ಅದಕ್ಕೆ ಯಾವ ಆಪರೇಶನ್ನೂ ಇಲ್ಲ.

ಎನ್‌ಡಿಎ ಪರೀಕ್ಷೆ ಬೇಕಾದ್ರೆ ಬರೀಲಿ, ಆರ್ಮಿ ಇದೆ. ಆದ್ರೆ ಪೈಲಟ್ ಅಂತ ಆಸೆ ಹುಟ್ಟಿಸಿ 85 ಸಾವಿರ ಕಟ್ಟಿಸ್ಕೊಂಡವರು ಮೊದಲ ದಿನವೇ ಕನ್ನಡಕ ನೋಡ್ಬೇಕಿತ್ತು.

ಹಾಸನದ_ಅಮ್ಮ
ಥ್ಯಾಂಕ್ಸ್ ಸರ್. ಅವನಿಗೆ ಹೇಗೆ ಹೇಳೋದು ಅಂತ ಗೊತ್ತಾಗ್ತಿಲ್ಲ. ಈಗ ಟ್ಯೂಷನ್‌ನಿಂದ ಬಂದ, ಊಟ ಮಾಡ್ತವ್ನೆ. ನಾಳೆ ಹೇಳ್ತೀನಿ.

ಕರಿಮೋಡ
ಆಂಟಿ ಅವನಿಗೆ ಈ ಥ್ರೆಡ್ಡೇ ತೋರ್ಸಿ. ಎನ್‌ಡಿಎಲಿ ಒಂದು ಸಲದ ಪರೀಕ್ಷೆಗೆ ಏರ್ ಫೋರ್ಸ್ ಫ್ಲೈಯಿಂಗ್ 92 ಸೀಟು, ಇಡೀ ದೇಶಕ್ಕೆ. ಅದು ಸಿಗ್ಲಿಲ್ಲ ಅಂದ್ರೆ ಕಥೆ ಮುಗೀತು ಅಂತಲ್ಲ, ಅವನ ಚಾನ್ಸ್ ಇನ್ನೂ ಖರ್ಚೇ ಆಗಿಲ್ಲ, ನನ್ನ ಥರ ಅಲ್ಲ.

ರಾಯಚೂರ್_ರಾಕೆಟ್
ಅಣ್ಣಾರ ಅಗ್ನಿವೀರ್ ವಾಯು ಸೇರಿದ್ರ ಮುಂದ ಪೈಲಟ್ ಆಗ್ಬೋದಾ, ನಮ್ಮ ಕಡಿ ಎಲ್ಲಾರೂ ಹಂಗೇ ಅಂತಾರ

ನಿವೃತ್ತ_ಎಎನ್32
ಆಗಲ್ಲಪ್ಪ. ಅದು ಏರ್‌ಮನ್ ದರ್ಜೆ, ನಾಲ್ಕು ವರ್ಷ. ಪೈಲಟ್ ಅಂದ್ರೆ ಆಫೀಸರ್, ದಾರಿ ಎನ್‌ಡಿಎ, ಸಿಡಿಎಸ್, ಎಎಫ್‌ಕ್ಯಾಟ್, ಎನ್‌ಸಿಸಿ ಇಷ್ಟೇ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರ್ಲೇಬೇಕು. ಅವೆರಡರಲ್ಲೂ 50 ಪರ್ಸೆಂಟ್ ಇದ್ದು ಡಿಗ್ರಿಯಲ್ಲಿ 60 ಇದ್ರೆ ಬಿಕಾಂ ಆದವನೂ ಎಎಫ್‌ಕ್ಯಾಟ್ ಫ್ಲೈಯಿಂಗ್‌ಗೆ ಬರೀಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ.

ಚಿಕ್ಕಮಗಳೂರ್_ಕಾಫಿ
ಹುಡ್ಗೀರಿಗೂ ಇದೆಲ್ಲ ದಾರಿ ಇದೆಯಾ ಅಂತ ಕೇಳೋರಿಗೆ, ನಮ್ಮ ಜಿಲ್ಲೆಯ ಮೇಘನಾ ಶಾನುಭೋಗ್ 2018ರಲ್ಲಿ ಫೈಟರ್ ಪೈಲಟ್ ಆಗಿ ಕಮಿಷನ್ ಆದ್ರು, ಇಂಜಿನಿಯರಿಂಗ್ ಓದಿದ್ದು ಮೈಸೂರಲ್ಲೇ. ಎನ್‌ಡಿಎಗೂ 2022ರಿಂದ ಹುಡ್ಗೀರನ್ನ ತಗೊಳ್ತಿದಾರೆ, ಮೊದಲ ಬ್ಯಾಚಿನ 17 ಜನ 2025ರ ಮೇನಲ್ಲಿ ಪಾಸೌಟ್ ಆದ್ರು.

ಏಲಕ್ಕಿ_ಮಾಲಿ
ಎಲ್ಲಾರಿಗೂ ನಮಸ್ಕಾರ, ಹೋಗಿ ಬಂದ್ನಿ. ಎಷ್ಟೋ ಮಂದಿ ಮೆಸೇಜ್ ಹಾಕಿ ಕೇಳೀರಿ, ಒಂದ ಕಡೆ ಬರೀತೀನಿ.

ಸಿಪಿಎಸ್‌ಎಸ್ ಹೆಂಗಿತ್ತು ಅಂತ ಕೇಳ್ಬ್ಯಾಡ್ರಿ, ಆ ಮಷೀನಿನ ಕ್ವಾಣಿ ಬಾಗಲ ಸೈತ ನೋಡ್ಲಿಲ್ಲ. ಕಾನ್ಫರೆನ್ಸ್ ಔಟ್, ಕಡೀ ದಿನ ಬೋರ್ಡಿನವ್ರು ಬ್ಯಾಡಂದ್ರು.

ಮೊದಲನೇ ದಿನ ಸ್ಕ್ರೀನಿಂಗ್. ಮಸುಕು ಮಸುಕಾದ ಚಿತ್ರ ತೋರಸ್ತಾರ, 30 ಸೆಕೆಂಡು, ಆಮ್ಯಾಲೆ ನಾಲ್ಕು ನಿಮಿಷದಾಗ ಕಥಿ ಬರೀಬೇಕು, ಆಮ್ಯಾಲೆ ಗುಂಪಿನ್ಯಾಗ ಹೇಳ್ಬೇಕು. ನನಗ ಚಿತ್ರದಾಗ ಒಬ್ಬಾಕಿ ಬಾವಿ ಕಡೆ ಹೊಂಟಂಗ ಕಂಡಿತ್ತು, ಬಾಜೂಕಿನವಂಗ ಅದು ಬಸ್ ಸ್ಟ್ಯಾಂಡ್. ಎಲ್ಲಾರೂ ಒಮ್ಮಿಗೇ ಚೀರಾಡಾಕತ್ತಿದ್ರು, ನಮ್ಮೂರ ಗ್ರಾಮಸಭಾನ ನೆಟ್ಟಗ ನಡೀತೈತಿ. ಮಧ್ಯಾಹ್ನಕ್ಕ ಅರ್ಧಕ್ಕಿಂತ ಹೆಚ್ಚು ಮಂದಿ ಚೆಸ್ಟ್ ನಂಬರ್ ಬಿಚ್ಚಿ ಕೊಟ್ಟು ಬ್ಯಾಗ್ ತಗೊಂಡು ಹೊಂಟ್ರು, ನಾ ಉಳದ್ನಿ. ಸೈಕಾಲಜಿಯಾಗ 60 ಶಬ್ದ, ಒಂದೊಂದಕ್ಕ 15 ಸೆಕೆಂಡು, ಬರದ ಬರದ ಬಟ್ಟು ಸೆಟದ್ವು. ಗ್ರೌಂಡ್ ಟೆಸ್ಟ್ ಚೊಲೋ ಆತು, ಹಲಗಿ ಹಗ್ಗ ಡ್ರಮ್ ಕೊಟ್ಟು ದಾಟ್ರಿ ಅಂತಾರ, ಹೊಲದಾಗ ಹಳ್ಳ ದಾಟಿದ ಅಭ್ಯಾಸ ಕೆಲಸಕ್ಕ ಬಂತು.

ಇಂಟರ್‌ವ್ಯೂದಾಗ ಕೆಟ್ಟಿತು ಅಂತ ನನಗ ಅನ್ನಸ್ತೈತಿ. ಅವ್ರು ಕಾರಣ ಹೇಳಂಗಿಲ್ಲ, ಇದು ನನ್ನ ಲೆಕ್ಕ. ನಾ ಆಲ್ಟಿಮೀಟರ್, ಬರ್ನೂಲಿ, ಸುಖೋಯ್ ಎಂಜಿನ್ ಎಲ್ಲಾ ಓದಕೊಂಡು ಹೋಗಿದ್ನಿ. ಟೆಕ್ನಿಕಲ್ ಕೊಟ್ರ ಹೋಗ್ತೀಯೇನು ಅಂದ್ರು, ಹೋಗ್ತೀನ್ರಿ ಸರ್, ಬರದೀನಿ ಅಂದ್ನಿ, ಅಲ್ಲಿಗೆ ಅದು ಮುಗೀತು, ಅದಕ್ಕಾಗಿ ಇಲ್ಲಿ ನಾಲ್ಕು ದಿನ ತಲಿ ಕೆಡಿಸ್ಕೊಂಡಿದ್ನಿ. ಆಮ್ಯಾಲೆ ಕೇಳಿದ್ರು, ನಿಮ್ಮ ಜಿಲ್ಲೆದಾಗ ಎಷ್ಟು ತಾಲೂಕು? ಏಳು ಅಂದ್ನಿ. ರಟ್ಟೀಹಳ್ಳಿ ಬಿಟ್ಟಿದ್ನಿ, ಎಂಟು. ತಂದಿ ಏನ ಬೆಳೀತಾರ? ಗೋವಿನಜೋಳ ಸರ್. ಎಕರೆಗೆ ಎಷ್ಟು ಕ್ವಿಂಟಲ್? ಈ ಸಲ ಎಷ್ಟಕ್ಕ ಮಾರಿದ್ರು? ಖರ್ಚು ಕಳದು ಎಷ್ಟು ಉಳೀತು? ಮೂರಕ್ಕೂ ಬಾಯಿ ಬರಲಿಲ್ಲ. ಅಂದಾಜಿಲೆ ಒಂದ ಹೇಳಿದ್ನಿ, ಅದರ ಮ್ಯಾಲೆ ಅವ್ರು ಗುಣಾಕಾರ ಮಾಡಿ, ಹಂಗಾದ್ರ ನಿಮ್ಮಪ್ಪ ಲಕ್ಷಾಧೀಶರಾಗಬೇಕಿತ್ತಲ್ಲ ಅಂದ್ರು. ನಕ್ಕಾರ, ಸಿಟ್ಟಿಲೆ ಅಲ್ಲ. ಆದ್ರ ನನ್ನ ಬೆನ್ನಾಗ ಬೆವರು ಇಳೀತು.

ಮನಿಗೆ ಬಂದು ಅಪ್ಪಗ ಹೇಳಿದ್ನಿ. ಅಂವ ಬೀಡಿ ಹಚ್ಚಿ ಸ್ವಲ್ಪೊತ್ತು ಸುಮ್ಮನಿದ್ದ, ಆಮ್ಯಾಲೆ "ಇಪ್ಪತ್ತೆರಡು ಕ್ವಿಂಟಲ್ ಬಂದಾವು. ಫೋನ್ ಮಾಡಿದ್ರ ಹೇಳ್ತಿದ್ನಲ್ಲೋ" ಅಂದ.

ಕರಿಮೋಡ
ಅಯ್ಯೋ ಬ್ರೋ. ಆದ್ರೆ ಕಾನ್ಫರೆನ್ಸ್ ಔಟ್ ಎಷ್ಟು ಸಲ ಆದ್ರೂ ಮತ್ತೆ ಹೋಗಬಹುದು, ಎಎಫ್‌ಕ್ಯಾಟ್ ವರ್ಷಕ್ಕೆ ಎರಡು ಸಲ, ನಿಂಗೆ 24 ತನಕ ಟೈಮ್ ಇದೆ. ಮತ್ತೆ ಆ 1,900ರ ಜೊಯ್‌ಸ್ಟಿಕ್?

ಏಲಕ್ಕಿ_ಮಾಲಿ
ತಂಗಿ ಕಾರ್ ಗೇಮ್ ಆಡಾಕತ್ತಾಳ, ನನಗಿಂತ ಚೊಲೋ ಆಡ್ತಾಳ. ಆಕಿ ಕಾಲೂ ಅಳದೀನಿ, ಇನ್ನ ಬೆಳ್ಯಾಕತ್ತಾಳ, 98 ಐತಿ.

ಮುಂದಿನ ಫಾರ್ಮ್ ಬಿಟ್ಟ ಕೂಡ್ಲೇ ಹಾಕ್ತೀನಿ, ಈ ಸಲ ಸಿಡಿಎಸ್ಸೂ. ಮ್ಯಾಥ್ಸ್ ಹಳೇ ಪ್ರಶ್ನೆಪತ್ರಿಕಿ ಪಿಡಿಎಫ್ ಯಾರ ಹತ್ರರ ಇದ್ರ ಕಳಸ್ರಿ. ನಾಳೆ ಮುಂಜಾನೆ ಅಪ್ಪನ ಜೊತಿ ಎಪಿಎಂಸಿಗೆ ಹೊಂಟೀನಿ.